ಹತ್ತೊಂಬತ್ತು ಜೋಡಿ ಅಂಗಗಳು: ಒಂದು ಪುಟ್ಟ ಆಂಫಿಪಾಡಿನ ದೇಹರಚನೆ



 ಪ್ರಾಣಿಶಾಸ್ತ್ರವನ್ನು ಕಲಿಸುತ್ತ ಬದುಕಿದವನಿಗೆ, ತನ್ನ ವಿಷಯವನ್ನು ತನ್ನ ಭಾಷೆಯಲ್ಲಿ, ತನ್ನ ಊರಾದ ಮೈಸೂರಿನವರ ಮುಂದೆ ಬಿಡಿಸಿಡುವುದಕ್ಕಿಂತ ದೊಡ್ಡ ಗೌರವವಿಲ್ಲ.

ನಾನು ಆರಿಸಿಕೊಂಡಿರುವ ಪ್ರಾಣಿ ಪೂರ್ತಿ ಬೆಳೆದಾಗಲೂ ಸುಮಾರು ಒಂದು ಸೆಂಟಿಮೀಟರ್ ಉದ್ದ. ಸೀಗಡಿ, ಏಡಿಗಳ ಬಳಗವಾದ ಕಠಿಣಚರ್ಮಿಗಳಲ್ಲಿ ಆಂಫಿಪಾಡ್ ಎಂಬ ಗಣಕ್ಕೆ ಅದು ಸೇರಿದ್ದು. ಅದರ ವೈಜ್ಞಾನಿಕ ಹೆಸರು ಪರ್ಹಯಾಲೆ ಹವಾಯೆನ್ಸಿಸ್. ಅಮೆರಿಕದ ಪ್ರಕೃತಿ ವಿಜ್ಞಾನಿ ಜೇಮ್ಸ್ ಡ್ವೈಟ್ ಡೇನಾ 1853ರಲ್ಲಿ ಹವಾಯಿ ದ್ವೀಪಗಳ ಮಾದರಿಗಳನ್ನು ನೋಡಿ ಇದನ್ನು ಮೊದಲು ವರ್ಣಿಸಿದರು. ಆಮೇಲೆ ಜಗತ್ತಿನ ಉಷ್ಣವಲಯದ ಕಡಲಂಚುಗಳಲ್ಲೆಲ್ಲ ಇದು ಕಂಡುಬಂತು. ಉಬ್ಬರ ಇಳಿದ ಮೇಲೆ ಉಳಿಯುವ ನೀರಿನ ಗುಂಡಿಗಳಲ್ಲಿ, ಕಾಂಡ್ಲಾ ಮರಗಳ ಬುಡದಲ್ಲಿ, ಕೊಳೆಯುವ ಪಾಚಿಯ ನಡುವೆ ಇದರ ವಾಸ. ಆಂಫಿಪಾಡುಗಳಲ್ಲಿ ಇಂದು 10,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಒಳಗೂ ಹೊರಗೂ ಇಷ್ಟು ಕೂಲಂಕಷವಾಗಿ ತಿಳಿದಿರುವ ಜಾತಿ ಬಹುಶಃ ಇನ್ನೊಂದಿಲ್ಲ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯದಾಗಿ ಈ ಪ್ರಾಣಿಯ ಹೊರಮೈಯ ನಕ್ಷೆ. ಎರಡನೆಯದಾಗಿ ಆ ಅಂಗಗಳು ಕೆಲಸ ಮಾಡುವ ಬಗೆ ಮತ್ತು ಒಳಗಿನ ರಚನೆ. ಮೂರನೆಯದಾಗಿ ಮೊಟ್ಟೆಯಿಂದ ಈ ದೇಹ ರೂಪುಗೊಳ್ಳುವ ಕ್ರಮ ಹಾಗೂ ಅದನ್ನು ನಿಯಂತ್ರಿಸುವ ಜೀನ್‌ಗಳು. ನಾಲ್ಕನೆಯದಾಗಿ ಇದೇ ನಕ್ಷೆಯನ್ನು ಹೊತ್ತು ಕಡಲು ಬಿಟ್ಟು ನಮ್ಮ ಘಟ್ಟದ ಕಾಡಿನ ನೆಲಕ್ಕೆ ಬಂದ ಸಂಬಂಧಿಗಳು. ಈ ನಾಲ್ಕರ ಮೂಲಕ ನಾನು ಹೇಳಬಯಸುವ ಮಾತು ಒಂದೇ. ಅಂಗಗಳನ್ನು ಎಣಿಸಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಚಿತ್ರ ಬರೆದು ನೋಡುವ ಹಳೆಯ ವಿದ್ಯೆಯ ಮೇಲೆಯೇ ಇಂದಿನ ಹೊಸ ಜೀವಶಾಸ್ತ್ರ ನಿಂತಿದೆ. ಆ ವಿದ್ಯೆಯನ್ನು ನಮ್ಮ ಕಾಲೇಜುಗಳು ಕೈಬಿಡಬಾರದು.

ಹೊರಮೈಯ ನಕ್ಷೆ

ಸೀಗಡಿಯನ್ನು ನೀವೆಲ್ಲರೂ ನೋಡಿದ್ದೀರಿ. ಅದರ ತಲೆ ಮತ್ತು ಎದೆಯ ಭಾಗವನ್ನು ಒಂದೇ ಗಟ್ಟಿ ಕವಚ ಮುಚ್ಚಿರುತ್ತದೆ; ಕಣ್ಣುಗಳು ಪುಟ್ಟ ತೊಟ್ಟಿನ ಮೇಲೆ ಕೂತಿರುತ್ತವೆ. ಆಂಫಿಪಾಡಿಗೆ ಆ ಕವಚವಿಲ್ಲ. ಬೆನ್ನಿನ ಒಂದೊಂದು ಖಂಡವೂ ಬೇರೆಬೇರೆಯಾಗಿ ಕಣ್ಣಿಗೆ ಕಾಣುತ್ತದೆ. ಕಣ್ಣುಗಳಿಗೆ ತೊಟ್ಟಿಲ್ಲ; ತಲೆಯ ಎರಡು ಪಕ್ಕಗಳಲ್ಲಿ ಅಂಟಿಕೊಂಡಿವೆ. ಸೀಗಡಿಯ ಕಿವಿರುಗಳು ಕವಚದ ಒಳಗೆ ಅಡಗಿದ್ದರೆ ಇದರ ಕಿವಿರುಗಳು ಕಾಲಿನ ಬುಡದಲ್ಲಿ ಒಳಮುಖವಾಗಿ ತೂಗುತ್ತವೆ. ಮೈ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ; ಎಳೆ ಹುಣಸೆಕಾಯಿಯ ಹಾಗೆ ಬಾಗಿರುತ್ತದೆ. ಆದ್ದರಿಂದ ಗಾಜಿನ ಮೇಲೆ ಇಟ್ಟರೆ ಮಗ್ಗುಲಾಗಿ ಮಲಗುತ್ತದೆ. ಚಿತ್ರ ಬರೆಯುವವನಿಗೆ ಇದೊಂದು ದೊಡ್ಡ ಅನುಕೂಲ: ಒಂದು ಪಕ್ಕದ ಅಂಗಗಳೆಲ್ಲ ಸಾಲಾಗಿ ಕಣ್ಣೆದುರು ಬರುತ್ತವೆ.

ಈಗ ಮುಂದಿನಿಂದ ಹಿಂದಕ್ಕೆ ಎಣಿಸೋಣ. ತಲೆಯಲ್ಲಿ ಎರಡು ಜೋಡಿ ಕುಡಿಮೀಸೆಗಳು. ಪರ್ಹಯಾಲೆಯಲ್ಲಿ ಮೊದಲ ಜೋಡಿ ಗಿಡ್ಡ, ಎರಡನೆಯದು ಉದ್ದ. ಅವುಗಳ ಹಿಂದೆ ಬಾಯಿಯ ಸುತ್ತ ಒಂದು ಜೋಡಿ ಗಟ್ಟಿ ದವಡೆ, ಎರಡು ಜೋಡಿ ತೆಳು ದವಡೆ, ಅವನ್ನೆಲ್ಲ ಕೆಳಗಿನಿಂದ ಮುಚ್ಚುವ ಒಂದು ಜೋಡಿ ದವಡೆಗಾಲು. ಈ ದವಡೆಗಾಲು ನಿಜವಾಗಿ ಎದೆಯ ಮೊದಲ ಖಂಡದ ಕಾಲು. ಆ ಖಂಡ ತಲೆಯೊಂದಿಗೆ ಬೆಸೆದುಹೋಗಿರುವುದರಿಂದ ಅದರ ಕಾಲು ಬಾಯಿಯ ಸೇವೆಗೆ ಸೇರಿಕೊಂಡಿದೆ. ಇಲ್ಲಿಗೆ ಆರು ಜೋಡಿ.

ತಲೆಯ ಹಿಂದೆ ಎದೆಯ ಏಳು ಬಿಡಿ ಖಂಡಗಳು, ಏಳು ಜೋಡಿ ಕಾಲುಗಳು. ಮೊದಲ ಎರಡು ಜೋಡಿಗಳ ತುದಿಯ ಉಗುರು ಅದರ ಹಿಂದಿನ ಅಗಲವಾದ ತುಂಡಿನ ಮೇಲೆ ಮಡಚಿಕೊಳ್ಳುತ್ತದೆ. ಇವನ್ನು ಹಿಡಿಗಾಲುಗಳು ಎನ್ನೋಣ. ಮುಂದಿನ ಎರಡು ಜೋಡಿ ಕಾಲುಗಳು ಮುಂದಕ್ಕೆ ಮುಖ ಮಾಡಿವೆ. ಕೊನೆಯ ಮೂರು ಜೋಡಿಗಳು ತದ್ವಿರುದ್ಧವಾಗಿ ಹಿಂದಕ್ಕೆ ತಿರುಗಿವೆ. ಒಂದೇ ಎದೆಯ ಕಾಲುಗಳು ಹೀಗೆ ಎರಡು ದಿಕ್ಕಿಗೆ ತಿರುಗಿರುವುದು ಈ ಗಣದ ಗುರುತು. ಒಂದೊಂದು ಕಾಲಿನ ಬುಡದ ತುಂಡೂ ಹೊರಗೆ ಅಗಲವಾಗಿ ಬೆಳೆದು ಫಲಕವಾಗಿದೆ. ಈ ಬುಡಫಲಕಗಳು ಒಂದಕ್ಕೊಂದು ತಾಗಿ ಎದೆಯ ಎರಡು ಪಕ್ಕಗಳಲ್ಲಿ ಗೋಡೆಯಾಗಿ ನಿಲ್ಲುತ್ತವೆ.

ಎದೆಯ ಹಿಂದೆ ಹೊಟ್ಟೆಯ ಆರು ಖಂಡಗಳು. ಮೊದಲ ಮೂರರಲ್ಲಿ ಕವಲೊಡೆದ, ರೋಮಗಳಿರುವ ಮೆತ್ತಗಿನ ಈಜುಗಾಲುಗಳು. ಕೊನೆಯ ಮೂರರಲ್ಲಿ ಬಿರುಸಾದ, ಮುಳ್ಳುಗಳಿರುವ ಬಾಲಗಾಲುಗಳು. ಎಲ್ಲಕ್ಕೂ ಕೊನೆಗೆ ಗುದದ ಮೇಲೆ ಒಂದು ಪುಟ್ಟ ಬಾಲದಳ. ಅದು ಕಾಲಲ್ಲ, ಆದ್ದರಿಂದ ಎಣಿಕೆಗೆ ಸೇರುವುದಿಲ್ಲ.

ತಲೆಯದು ಆರು, ಎದೆಯದು ಏಳು, ಹೊಟ್ಟೆಯದು ಆರು. ಒಟ್ಟು 19 ಜೋಡಿ. ಈ ಸಭೆಯಲ್ಲಿರುವ ಹಿರಿಯ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಈ ಸಂಖ್ಯೆ ಕೂಡಲೇ ನೆನಪಾಗಿರಬೇಕು. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಸೀಗಡಿಯ ಅಂಗಗಳನ್ನು ಒಂದೊಂದಾಗಿ ಬಿಡಿಸಿ, ರಟ್ಟಿನ ಮೇಲೆ ಕ್ರಮವಾಗಿ ಜೋಡಿಸಿ ಹೆಸರು ಬರೆಯುತ್ತಿದ್ದಾಗಲೂ ಜೋಡಿಗಳು 19 ಇದ್ದವು. ಸೀಗಡಿಯಲ್ಲಿ ಎದೆಯ ಎಂಟು ಜೋಡಿ ಕಾಲುಗಳಲ್ಲಿ ಮೂರು ಬಾಯಿಯ ಕೆಲಸಕ್ಕೆ ಹೋಗಿ ಐದು ನಡೆಯಲು ಉಳಿದಿವೆ. ಆಂಫಿಪಾಡಿನಲ್ಲಿ ಒಂದು ಮಾತ್ರ ಬಾಯಿಗೆ ಹೋಗಿ ಏಳು ಉಳಿದಿವೆ. ಸೀಗಡಿಯ ಹೊಟ್ಟೆಯಲ್ಲಿ ಐದು ಜೋಡಿ ಈಜುವುದಕ್ಕೆ, ಒಂದು ಜೋಡಿ ಬಾಲದ ಬೀಸಣಿಗೆಗೆ. ಆಂಫಿಪಾಡಿನಲ್ಲಿ ಮೂರು ಮತ್ತು ಮೂರು. ಒಟ್ಟು ಲೆಕ್ಕ ಒಂದೇ, ಕೆಲಸದ ಹಂಚಿಕೆ ಬೇರೆ. ಎರಡು ಪ್ರಾಣಿಗಳ ಆಕಾರ ಎಷ್ಟೇ ದೂರವಿದ್ದರೂ ಅವು ಒಂದೇ ಮೂಲದಿಂದ ಬಂದವು ಎಂಬುದಕ್ಕೆ ಈ ಲೆಕ್ಕ ಸಾಕ್ಷಿ. ಈ ಸಾಕ್ಷಿ ಸಿಗಲು ಯಂತ್ರ ಬೇಕಿರಲಿಲ್ಲ, ಒಂದು ಸೂಜಿ ಮತ್ತು ತಾಳ್ಮೆ ಬೇಕಿತ್ತು.

ಅಂಗಗಳ ಕೆಲಸ ಮತ್ತು ಒಳಗಿನ ರಚನೆ

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ. ಒಂದೊಂದು ಅಂಗವನ್ನೂ ಅದರ ಕೆಲಸದೊಂದಿಗೆ ನೋಡಿದರೆ ಮಾತ್ರ ಆಕಾರಕ್ಕೆ ಅರ್ಥ ಬರುತ್ತದೆ.

ಉಸಿರಾಟದಿಂದ ಆರಂಭಿಸೋಣ. ಪರ್ಹಯಾಲೆಯ ಕಿವಿರುಗಳು ಎದೆಯ ಎರಡನೆಯ ಕಾಲಿನಿಂದ ಆರನೆಯ ಕಾಲಿನವರೆಗೆ, ಐದು ಜೋಡಿ. ಒಂದೊಂದೂ ತೆಳುಗೋಡೆಯ ಪುಟ್ಟ ಚೀಲ. ಒಳಗೆ ರಕ್ತ ಹರಿಯುತ್ತದೆ. ಆದರೆ ನಿಂತ ನೀರಿನಲ್ಲಿ ಕಿವಿರಿಗೆ ಹೊಸ ಆಮ್ಲಜನಕ ಸಿಗುವುದಿಲ್ಲ. ಆ ಹರಿವನ್ನು ಉಂಟುಮಾಡುವವು ಎಷ್ಟೋ ಹಿಂದಿರುವ ಈಜುಗಾಲುಗಳು. ಅವು ಒಂದರ ಹಿಂದೊಂದು ಅಲೆಯಂತೆ ಬಡಿಯುತ್ತ ನೀರನ್ನು ಮುಂದಿನಿಂದ ಹಿಂದಕ್ಕೆ ಎಳೆಯುತ್ತವೆ. ಎಡ ಬಲಗಳು ಏಕಕಾಲಕ್ಕೆ ಬಡಿಯುವಂತೆ ಒಂದೊಂದು ಜೋಡಿಯೂ ಒಳಬದಿಯ ಸಣ್ಣ ಕೊಕ್ಕೆಗಳಿಂದ ಪರಸ್ಪರ ಸಿಕ್ಕಿಕೊಂಡಿದೆ. ಬುಡಫಲಕಗಳ ಎರಡು ಗೋಡೆಗಳ ನಡುವೆ ಎದೆಯಡಿಯಲ್ಲಿ ಒಂದು ಕಾಲುವೆ ಏರ್ಪಟ್ಟಿರುವುದರಿಂದ ಎಳೆದ ನೀರು ಚದುರದೆ ಕಿವಿರುಗಳ ಮೇಲೆಯೇ ಹಾದುಹೋಗುತ್ತದೆ. ಕಾಲಿನ ಬುಡ, ಕಿವಿರು, ಹೊಟ್ಟೆಯ ಕಾಲು, ಈ ಮೂರನ್ನೂ ಬೇರೆ ಬೇರೆ ಚಿತ್ರಗಳಾಗಿ ಕಲಿತರೆ ಈ ವ್ಯವಸ್ಥೆ ಕಾಣುವುದೇ ಇಲ್ಲ. ಜೀವಂತ ಪ್ರಾಣಿಯನ್ನು ನೀರಿನಲ್ಲಿಟ್ಟು ನೋಡಿದಾಗ ಮೂರೂ ಒಂದೇ ಯಂತ್ರದ ಭಾಗಗಳೆಂದು ತಿಳಿಯುತ್ತದೆ.

ಚಲನೆಯೂ ಹೀಗೆಯೇ. ಈ ಪ್ರಾಣಿ ನೀರಿನಲ್ಲಿ ಈಜುಗಾಲುಗಳಿಂದ ಈಜುತ್ತದೆ, ಎದೆಯ ಕಾಲುಗಳಿಂದ ಪಾಚಿಯನ್ನು ಹಿಡಿದು ನಡೆಯುತ್ತದೆ. ಹಿಂದಕ್ಕೆ ತಿರುಗಿದ ಮೂರು ಜೋಡಿಗಳು ಲಂಗರಿನಂತೆ ಆತುಕೊಳ್ಳಲು ಮತ್ತು ತಳ್ಳಲು ನೆರವಾಗುತ್ತವೆ. ಬೆದರಿದಾಗ ಬಾಗಿದ ಹೊಟ್ಟೆಯನ್ನು ಥಟ್ಟನೆ ಚಾಚಿ, ಗಟ್ಟಿಯಾದ ಬಾಲಗಾಲುಗಳನ್ನು ನೆಲಕ್ಕೆ ಒದ್ದು ಹಾರುತ್ತದೆ. ಈಜುವ ಕಾಲು ಮೆತ್ತಗೆ, ರೋಮಮಯವಾಗಿರಬೇಕು. ಒದೆಯುವ ಕಾಲು ಗಿಡ್ಡಗೆ, ಬಿರುಸಾಗಿರಬೇಕು. ಪಕ್ಕಪಕ್ಕದ ಖಂಡಗಳಲ್ಲಿರುವ ಎರಡು ಬಗೆಯ ಕಾಲುಗಳ ವ್ಯತ್ಯಾಸಕ್ಕೆ ಕಾರಣ ಇಲ್ಲಿದೆ.

ಬಾಯಿಯ ಭಾಗಗಳಲ್ಲಿ ಗಟ್ಟಿ ದವಡೆಯೊಂದನ್ನಾದರೂ ಹತ್ತಿರದಿಂದ ನೋಡಬೇಕು. ಅದರ ಅಂಚಿನಲ್ಲಿ ಕತ್ತರಿಸುವ ಹಲ್ಲುಗಳು, ಅವುಗಳ ಹಿಂದೆ ಅಲುಗಾಡುವ ಒಂದು ಪುಟ್ಟ ಹಲ್ಲಿನ ಫಲಕ, ಒಳಬದಿಯಲ್ಲಿ ಅರೆಯುವ ಒರಟು ಗುಬುಟು. ಅನೇಕ ಆಂಫಿಪಾಡುಗಳಲ್ಲಿ ಈ ದವಡೆಗೆ ಬೆರಳಿನಂಥ ಒಂದು ಉಪಾಂಗ ಅಂಟಿಕೊಂಡಿರುತ್ತದೆ. ಪರ್ಹಯಾಲೆ ಮತ್ತು ಅದರ ಹತ್ತಿರದ ಬಂಧುಗಳಲ್ಲಿ ಅದು ಇಲ್ಲ. ಹೊಸದಾಗಿ ಸಿಕ್ಕ ಮಾದರಿ ಯಾವ ಕುಟುಂಬದ್ದೆಂದು ತೀರ್ಮಾನಿಸುವಾಗ ತಜ್ಞರು ಮೊದಲು ಹುಡುಕುವ ಗುರುತುಗಳಲ್ಲಿ ಇದೂ ಒಂದು. ಕೊಳೆತ ಎಲೆ, ಪಾಚಿ, ಸತ್ತ ಜೀವಿಗಳ ಚೂರುಗಳು ಇಲ್ಲಿ ತುಂಡಾಗಿ ಜಠರಕ್ಕೆ ಹೋಗುತ್ತವೆ. ಜಠರದ ಮುಂಭಾಗ ಆಹಾರವನ್ನು ಮತ್ತೆ ಅರೆಯುತ್ತದೆ, ಹಿಂಭಾಗ ರೋಮಗಳ ಜರಡಿಯಿಂದ ಸೋಸುತ್ತದೆ. ಸೋಸಿದ ರಸ ಉದ್ದವಾದ ಜೀರ್ಣಗ್ರಂಥಿಯ ಕೊಳವೆಗಳಿಗೆ ಸೇರುತ್ತದೆ.

ಈ ಪ್ರಾಣಿಯ ಇನ್ನೊಂದು ದೊಡ್ಡ ಗುಣ ಅದರ ಪಾರದರ್ಶಕತೆ. ಎಳೆಯ ಆಂಫಿಪಾಡನ್ನು ಒಂದು ಹನಿ ನೀರಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಬೆನ್ನಿನ ಬದಿಯಲ್ಲಿ ಚಾಚಿದ ಕೊಳವೆಯಂಥ ಹೃದಯ ಬಡಿಯುವುದು ಕಾಣುತ್ತದೆ. ಅದು ಎದೆಯ ಭಾಗದಲ್ಲಿದೆ. ಪಕ್ಕದ ಕಂಡಿಗಳ ಮೂಲಕ ರಕ್ತ ಒಳಗೆ ಬಂದು ಮುಂದಕ್ಕೂ ಹಿಂದಕ್ಕೂ ತಳ್ಳಲ್ಪಡುತ್ತದೆ. ನಮ್ಮಲ್ಲಿರುವಂತೆ ಮುಚ್ಚಿದ ನಾಳಗಳ ಜಾಲವಿಲ್ಲ. ರಕ್ತ ಅಂಗಗಳ ಸುತ್ತಲಿನ ತೆರಪುಗಳಲ್ಲಿ ಹರಿದು, ಕಿವಿರುಗಳನ್ನು ಹೊಕ್ಕು, ಮರಳಿ ಹೃದಯಕ್ಕೆ ಬರುತ್ತದೆ. ಅದರಲ್ಲಿ ತೇಲುವ ರಕ್ತಕಣಗಳು ಕಾಲಿನೊಳಗೆ ಇಳಿದು ಏರುವುದನ್ನೂ ನೋಡಬಹುದು. ಮೈಯೊಳಗೆ ಕೆಳಬದಿಯಲ್ಲಿ ನರದ ಜೋಡಿ ಹುರಿ ಖಂಡಖಂಡಕ್ಕೂ ಗಂಟು ಹಾಕಿಕೊಂಡು ಸಾಗುತ್ತದೆ. ದೇಹದ ತ್ಯಾಜ್ಯ ದ್ರವವನ್ನು ಹೊರಹಾಕುವ ಗ್ರಂಥಿ ಎರಡನೆಯ ಕುಡಿಮೀಸೆಯ ಬುಡದಲ್ಲಿ ತೆರೆದುಕೊಳ್ಳುತ್ತದೆ. ಸಂಯುಕ್ತ ಕಣ್ಣುಗಳ ಘಟಕಗಳು ಮರಿಯಲ್ಲಿ ಕಡಿಮೆ ಇದ್ದು, ವಯಸ್ಸಿನೊಂದಿಗೆ ಹೊಸವು ಸೇರುತ್ತ ಹೋಗುತ್ತವೆ.

ಹೊರಗಿನ ಚರ್ಮ ಕೈಟಿನ್ ಎಂಬ ವಸ್ತುವಿನದು, ಸುಣ್ಣದಿಂದ ಬಿರುಸಾದದ್ದು.   ಈ ಚರ್ಮ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಪ್ರಾಣಿ ಅದನ್ನು ಕಳಚಬೇಕು. ಕಳಚುವಾಗ ಕುಡಿಮೀಸೆಯ ತುದಿ, ಕಿವಿರಿನ ಹೊದಿಕೆ, ಜಠರದ ಅರೆಯುವ ಒಳಪದರ ಎಲ್ಲವೂ ಹಳೆಯ ಚರ್ಮದೊಂದಿಗೆ ಹೋಗುತ್ತವೆ. ಬಿಟ್ಟುಹೋದ ಆ ಪೊರೆಯಲ್ಲಿ 19 ಜೋಡಿ ಅಂಗಗಳ ಅಚ್ಚು ಇರುತ್ತದೆ. ಪ್ರಾಣಿಗೆ ನೋವಿಲ್ಲದೆ ಅದರ ಹೊರ ರಚನೆಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ.

ಮರಿಚೀಲದಿಂದ ಜೀನ್‌ವರೆಗೆ

ಮೂರನೆಯ ಭಾಗಕ್ಕೆ ಬರೋಣ. ಇಲ್ಲಿ ನಮ್ಮ ಮೈಸೂರಿನ ವಿಜ್ಞಾನದ ಪರಂಪರೆಗೂ ಒಂದು ಕೊಂಡಿ ಇದೆ.

ಹೆಣ್ಣು ಚರ್ಮ ಕಳಚಿದ ಕೂಡಲೇ, ಮೈ ಇನ್ನೂ ಮೆತ್ತಗಿರುವಾಗ ಮಾತ್ರ ಕೂಡುವಿಕೆ ಸಾಧ್ಯ. ಆ ಗಳಿಗೆ ತಪ್ಪದಂತೆ ಗಂಡು ಅವಳನ್ನು ಮುಂಚಿನಿಂದಲೇ ಹಿಡಿದುಕೊಂಡು ಓಡಾಡುತ್ತದೆ. ಗಂಡಿನ ಎರಡನೆಯ ಹಿಡಿಗಾಲು ಹೆಣ್ಣಿನದಕ್ಕಿಂತ ಎಷ್ಟೋ ದೊಡ್ಡದು. ದೂರದಿಂದಲೇ ಗಂಡು ಹೆಣ್ಣನ್ನು ಗುರುತಿಸಲು ಇದು ಸಾಕು. ಹೆಣ್ಣಿನ ಎದೆಯ ಎರಡರಿಂದ ಐದನೆಯ ಕಾಲುಗಳ ಬುಡದಲ್ಲಿ, ಕಿವಿರಿನ ಪಕ್ಕದಲ್ಲೇ, ರೋಮದ ಅಂಚಿನ ತೆಳು ಫಲಕಗಳಿವೆ. ಎಡ ಬಲದ ಫಲಕಗಳು ಹೆಣೆದುಕೊಂಡು ಎದೆಯಡಿ ಒಂದು ಮರಿಚೀಲ ಆಗುತ್ತದೆ. ಮೊಟ್ಟೆಗಳು ಆ ಚೀಲದಲ್ಲೇ ಫಲಿತವಾಗಿ, ಈಜುಗಾಲು ಎಳೆದ ಅದೇ ನೀರಿನ ಹರಿವಿನಲ್ಲಿ ಉಸಿರಾಡುತ್ತ ಬೆಳೆಯುತ್ತವೆ. ಸೀಗಡಿ, ಏಡಿಗಳ ಮೊಟ್ಟೆಯಿಂದ ಸಾಮಾನ್ಯವಾಗಿ ತಾಯಿಯನ್ನು ಸ್ವಲ್ಪವೂ ಹೋಲದ ತೇಲುವ ಲಾರ್ವಾ ಹೊರಬರುತ್ತದೆ. ಆಂಫಿಪಾಡಿನ ಮೊಟ್ಟೆಯೊಡೆದು ಬರುವುದು ಎಲ್ಲ ಕಾಲುಗಳೂ ಇರುವ, ತಾಯಿಯದೇ ಆಕಾರದ ಮರಿ. ಪರ್ಹಯಾಲೆಯಲ್ಲಿ ಇದಕ್ಕೆ ಸುಮಾರು 10 ದಿನ ಸಾಕು.

ಈ ಅನುಕೂಲಗಳನ್ನು ಕಂಡವರು ಅಮೆರಿಕದಲ್ಲಿ ಕೆಲಸ ಮಾಡುವ ಭಾರತೀಯ ಮೂಲದ ಜೀವವಿಜ್ಞಾನಿ ನಿಪಮ್ ಪಟೇಲ್ ಮತ್ತು ಅವರ ಸಂಗಡಿಗರು. ಶಿಕಾಗೊ ನಗರದ ಶೆಡ್ ಅಕ್ವೇರಿಯಂನಲ್ಲಿ ನೀರು ಸೋಸುವ ವ್ಯವಸ್ಥೆಯೊಳಗೆ ಬೆಳೆದುಕೊಂಡಿದ್ದ ಪರ್ಹಯಾಲೆಗಳನ್ನು 1997ರಲ್ಲಿ ಅವರು ಪ್ರಯೋಗಾಲಯಕ್ಕೆ ತಂದರು. ಮರಿಚೀಲದಿಂದ ಮೊಟ್ಟೆಗಳನ್ನು ತಾಯಿಗೆ ಪೆಟ್ಟಾಗದಂತೆ ಹೊರತೆಗೆದು, ಬರಿಯ ಕಡಲ ನೀರಿನಲ್ಲಿ ಬೆಳೆಸಬಹುದಾಗಿತ್ತು. ಭ್ರೂಣ ಎಂಟು ಕೋಶಗಳಾದಾಗಲೇ ಒಂದೊಂದು ಕೋಶ ಮುಂದೆ ಏನಾಗುತ್ತದೆಂಬುದು ನಿಶ್ಚಯವಾಗಿರುತ್ತದೆ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2016ರಲ್ಲಿ ಇದರ ಪೂರ್ಣ ಜೀನೋಮ್ ಪ್ರಕಟವಾಯಿತು. ಅದರ ಗಾತ್ರ ಸುಮಾರು 360 ಕೋಟಿ ಡಿ.ಎನ್.ಎ. ಅಕ್ಷರಗಳು, ಮನುಷ್ಯನದಕ್ಕಿಂತ ಹೆಚ್ಚು.

ಈಗ ಮೈಸೂರಿನ ಕೊಂಡಿ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೋಫಿಲ ನೊಣದ ತಳಿಗಳನ್ನು ಕಾಪಾಡುವ ಕೇಂದ್ರ ಬಹುಕಾಲದಿಂದ ಇದೆ. ಅಲ್ಲಿ ಕಲಿತವರಿಗೆ ಹಾಕ್ಸ್ ಜೀನ್‌ಗಳು ಪರಿಚಿತ. ದೇಹದ ಯಾವ ಖಂಡದಲ್ಲಿ ಯಾವ ಅಂಗ ಮೂಡಬೇಕೆಂದು ಈ ಜೀನ್‌ಗಳು ಗೊತ್ತುಮಾಡುತ್ತವೆ. ಅಲ್ಟ್ರಾಬೈಥೊರಾಕ್ಸ್ ಎಂಬ ಜೀನ್ ಸರಿಯಾಗಿ ಕೆಲಸ ಮಾಡದ ನೊಣಕ್ಕೆ ಎರಡರ ಬದಲು ನಾಲ್ಕು ರೆಕ್ಕೆಗಳು ಬರಬಹುದು. ಈ ಬಗೆಯ ನೊಣಗಳನ್ನು ದಶಕಗಳ ಕಾಲ ಅಭ್ಯಸಿಸಿದ ಎಡ್ವರ್ಡ್ ಲೂಯಿಸ್ 1995ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು. ಆದರೆ ನೊಣದ ಹೊಟ್ಟೆಯಲ್ಲಿ ಕಾಲುಗಳೇ ಇಲ್ಲ. ಖಂಡಖಂಡಕ್ಕೂ ಬೇರೆ ಬಗೆಯ ಕಾಲು ಹೇಗೆ ಬರುತ್ತದೆಂದು ಕೇಳಲು ಎಲ್ಲ ಖಂಡಗಳಲ್ಲೂ ಕಾಲಿರುವ ಪ್ರಾಣಿ ಬೇಕು. 19 ಜೋಡಿಯ ಆಂಫಿಪಾಡು ಅಂಥದ್ದು.

2016ರಲ್ಲೇ ಪಟೇಲ್ ಅವರ ತಂಡ, ಜೀನ್‌ಗಳನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಪರ್ಹಯಾಲೆಯ ಹಾಕ್ಸ್ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ನೋಡಿತು. ಅಲ್ಟ್ರಾಬೈಥೊರಾಕ್ಸ್ ಕೆಟ್ಟಾಗ ಕಿವಿರುಗಳು ಮೂಡಲಿಲ್ಲ, ಎದೆಯ ಕಾಲುಗಳು ಬಾಯಿಯ ಅಂಗಗಳ ರೂಪದತ್ತ ಸರಿದವು. ಅಬ್ಡಾಮಿನಲ್-ಬಿ ಜೀನ್ ಕೆಟ್ಟಾಗ ಹೊಟ್ಟೆಯಲ್ಲಿ ಎದೆಯ ಬಗೆಯ ಕಾಲುಗಳು ಬೆಳೆದವು. ಅಬ್ಡಾಮಿನಲ್-ಎ ಕೆಟ್ಟಾಗ ಎದೆಯಲ್ಲೂ ಹೊಟ್ಟೆಯಲ್ಲೂ ಕಾಲುಗಳ ವೈವಿಧ್ಯವೇ ಕುಂದಿ, ದೇಹದ ನಕ್ಷೆ ಸರಳವಾಯಿತು. ಅಂದರೆ ಕಾಲು ಎಂಬ ಮೂಲ ರಚನೆ ಎಲ್ಲ ಖಂಡಗಳಿಗೂ ಸಮಾನ. ಅದು ಹಿಡಿಗಾಲಾಗಬೇಕೋ ಈಜುಗಾಲಾಗಬೇಕೋ ಎಂಬುದನ್ನು ಕೆಲವೇ ಜೀನ್‌ಗಳ ಜೋಡಣೆ ತೀರ್ಮಾನಿಸುತ್ತದೆ. ಸೀಗಡಿಗೂ ಆಂಫಿಪಾಡಿಗೂ ಒಟ್ಟು ಲೆಕ್ಕ ಒಂದೇ ಇದ್ದು ಹಂಚಿಕೆ ಬೇರೆಯಾದದ್ದನ್ನು ಅರ್ಥಮಾಡಿಕೊಳ್ಳುವ ದಾರಿ ಇಲ್ಲಿದೆ.

ಇನ್ನೂ ಒಂದು ಹೆಜ್ಜೆ. ಕಠಿಣಚರ್ಮಿಯ ಕಾಲಿನಲ್ಲಿ ಏಳೆಂಟು ತುಂಡುಗಳಿದ್ದರೆ ಕೀಟದ ಕಾಲಿನಲ್ಲಿ ಆರು. ಉಳಿದವು ಎಲ್ಲಿ ಹೋದವು? 2020ರಲ್ಲಿ ಹೆದರ್ ಬ್ರೂಸ್ ಮತ್ತು ನಿಪಮ್ ಪಟೇಲ್ ಪರ್ಹಯಾಲೆಯ ಕಾಲಿನ ಜೀನ್‌ಗಳನ್ನು ಕೆಡಿಸಿ ಹೋಲಿಸಿದರು. ತುದಿಯ ಆರು ತುಂಡುಗಳು ಕೀಟದ ಆರಕ್ಕೆ ಸರಿಹೊಂದಿದವು. ಬುಡದ ತುಂಡುಗಳು ಕೀಟಗಳ ಪೂರ್ವಜರಲ್ಲಿ ದೇಹದ ಗೋಡೆಯೊಳಗೆ ಸೇರಿಹೋದವೆಂದೂ, ಕೀಟದ ರೆಕ್ಕೆ ಆ ಬುಡದಿಂದಲೇ ಹುಟ್ಟಿತೆಂದೂ ಅವರು ವಾದಿಸಿದರು. ಈ ಸಂಶೋಧನೆಯ ಆರಂಭದ ಪ್ರಶ್ನೆಯನ್ನು ಗಮನಿಸಿ. ಅದು ಕಾಲಿನ ತುಂಡುಗಳ ಎಣಿಕೆ. ಆ ಎಣಿಕೆಯನ್ನು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದವರು ಇಲ್ಲದಿದ್ದರೆ ಕ್ರಿಸ್ಪರ್‌ಗೆ ಕೇಳಲು ಪ್ರಶ್ನೆಯೇ ಇರುತ್ತಿರಲಿಲ್ಲ.

ಕಡಲಿನಿಂದ ಕಾಡಿನ ನೆಲಕ್ಕೆ

ಕೊನೆಯ ಭಾಗಕ್ಕೆ ಬಂದಿದ್ದೇನೆ. ಕಡಲು ನಮಗೆ ದೂರವಾಯಿತು ಎಂದು ಮೈಸೂರಿನ ವಿದ್ಯಾರ್ಥಿಗಳು ಅಂದುಕೊಳ್ಳಬೇಕಿಲ್ಲ. ಆಂಫಿಪಾಡುಗಳಲ್ಲಿ ಟ್ಯಾಲಿಟ್ರಿಡ್ ಎಂಬ ಬಳಗವೊಂದು ನೆಲದ ಬದುಕಿಗೆ ಒಗ್ಗಿದೆ. ಕೆಲವು ಜಾತಿಗಳು ಮರಳ ದಂಡೆಯಲ್ಲಿ ಉಬ್ಬರ ತಂದುಹಾಕಿದ ಪಾಚಿಯ ಅಡಿ ಇವೆ. ಇನ್ನು ಕೆಲವು ಕಡಲನ್ನು ಸಂಪೂರ್ಣ ಬಿಟ್ಟು ತೇವದ ಕಾಡಿನ ತರಗೆಲೆಗಳ ಕೆಳಗೆ ಬದುಕುತ್ತವೆ. ಪಶ್ಚಿಮಘಟ್ಟದ ಒದ್ದೆ ಎಲೆಗಸವನ್ನು ಕೆದಕಿದಾಗ ಸಣ್ಣ ಸೀಗಡಿಯಂಥದ್ದೊಂದು ಚಿಮ್ಮಿ ಹಾರಿದರೆ ಅದು ಇದೇ ಬಳಗದ್ದು. ಇವುಗಳಲ್ಲಿ ಟ್ಯಾಲಿಟ್ರಾಯ್ಡಿಸ್ ಟೋಪಿಟೋಟಮ್ ಎಂಬ ಜಾತಿಯನ್ನು ಬರ್ಟ್ ಎಂಬ ಪ್ರಾಣಿಶಾಸ್ತ್ರಜ್ಞರು 1934ರಲ್ಲಿ ಶ್ರೀಲಂಕಾದ ಮಾದರಿಗಳಿಂದ ವರ್ಣಿಸಿದರು. ಕುಂಡದ ಗಿಡಗಳ ಮಣ್ಣಿನೊಂದಿಗೆ ಪ್ರಯಾಣ ಮಾಡಿ ಅದು ಈಗ ಬ್ರೆಜಿಲ್, ಅಮೆರಿಕ, ಹಾಂಗ್‌ಕಾಂಗ್‌ಗಳ ತೋಟಗಳನ್ನೂ ಸೇರಿದೆ.

ಈ ನೆಲದ ಜಾತಿಗಳನ್ನು ಪರ್ಹಯಾಲೆಯ ಪಕ್ಕ ಇಟ್ಟು ನೋಡಿ. ಕಾಲಿನ ಕ್ರಮ ಅದೇ. ಆದರೆ ಈಜಲು ನೀರಿಲ್ಲದ್ದರಿಂದ ಈಜುಗಾಲುಗಳು ಕುಗ್ಗಿವೆ. ಕೆಲವು ಜಾತಿಗಳಲ್ಲಿ ಮೂರನೆಯ ಜೋಡಿ ಬರಿಯ ಮೊಂಡು. ಮೊದಲ ಕುಡಿಮೀಸೆ ತೀರ ಗಿಡ್ಡವಾಗಿದೆ. ಟ್ಯಾಲಿಟ್ರಾಯ್ಡಿಸ್‌ನಲ್ಲಿ ಗಂಡಿನ ಎರಡನೆಯ ಹಿಡಿಗಾಲು ದೊಡ್ಡದಾಗದೆ ಹೆಣ್ಣಿನದರಂತೆಯೇ ಸಣ್ಣದಾಗಿ ಉಳಿದಿದೆ. ಕಿವಿರುಗಳು ಮಾತ್ರ ಇನ್ನೂ ಇವೆ, ಹಲವು ಜಾತಿಗಳಲ್ಲಿ ಹಾಲೆ ಹಾಲೆಯಾಗಿ ಅಗಲಗೊಂಡಿವೆ. ಅವು ಒದ್ದೆಯಾಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಕೀಟಗಳಿಗಿರುವಂಥ ನೀರು ತಡೆಯುವ ಮೇಣದ ಪದರ ಇವುಗಳ ಚರ್ಮಕ್ಕಿಲ್ಲ. ಆದ್ದರಿಂದ ನೆರಳೂ ತೇವವೂ ಇರುವ ಎಲೆಗಸವೇ ಇವುಗಳ ಪಾಲಿಗೆ ಕಡಲಾಗಿದೆ. ಒಣಗಿದರೆ ಸಾಯುತ್ತವೆ, ಸತ್ತ ಮೈ ಬೇಯಿಸಿದ ಸೀಗಡಿಯಂತೆ ಕೆಂಪಾಗುತ್ತದೆ, ಏಕೆಂದರೆ ಪ್ರೋಟೀನಿಗೆ ಅಂಟಿಕೊಂಡಿದ್ದ ವರ್ಣದ್ರವ್ಯ ಬಿಡುಗಡೆಯಾಗುತ್ತದೆ.

ನೆಲಕ್ಕೆ ಬರಲು ಇವುಗಳಿಗೆ ನೆರವಾದದ್ದು ಯಾವ ಅಂಗ? ನನ್ನ ಉತ್ತರ ಮರಿಚೀಲ. ತೇಲುವ ಲಾರ್ವಾ ಇರುವ ಪ್ರಾಣಿ ಸಂತಾನೋತ್ಪತ್ತಿಗೆ ನೀರಿಗೆ ಮರಳಲೇಬೇಕು. ನೆಲದ ಮೇಲೆ ಓಡಾಡುವ ಎಷ್ಟೋ ಏಡಿಗಳು ಈಗಲೂ ಕಡಲಿಗೆ ಹೋಗಿಬರುತ್ತವೆ. ಆಂಫಿಪಾಡಿನ ತಾಯಿ ತನ್ನ ನೀರನ್ನು ಎದೆಯಡಿ ಹೊತ್ತುಕೊಂಡೇ ಬಂದಳು. ಕಡಲಂಚಿನ ಆರ್ಕೆಸ್ಟಿಯಾ ಕುಲದ ಜಾತಿಯೊಂದರಲ್ಲಿ ತಾಯಿ ಆ ಚೀಲದ ದ್ರವದ ಉಪ್ಪಿನ ಸಾಂದ್ರತೆಯನ್ನು ಹೊರಗಿನ ನೀರಿಗಿಂತ ಬೇರೆಯಾಗಿ ಕಾಯ್ದುಕೊಳ್ಳುತ್ತಾಳೆಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ನೀರಿನಲ್ಲಿ ಮರಿಗಳ ರಕ್ಷಣೆಗೆಂದು ಬೆಳೆದ ನಾಲ್ಕು ಜೋಡಿ ತೆಳು ಫಲಕಗಳು ಒಂದು ಬಳಗಕ್ಕೆ ಭೂಮಿಯ ಬಾಗಿಲು ತೆರೆದವು.

ಮುಂದಿನ ಕೆಲಸ

ಇಷ್ಟು ಹೇಳಿದ ಮೇಲೆ ನಮ್ಮ ಕರ್ತವ್ಯದ ಬಗ್ಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ.

ಮೊದಲ ಕೆಲಸ ತರಗತಿಯದು. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಕೈಬಿಡುವ ಕ್ರಮವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಆರಂಭಿಸಿ 2014ರಲ್ಲಿ ಪೂರ್ಣಗೊಳಿಸಿತು. ಆ ನಿರ್ಧಾರದ ಹಿಂದಿನ ಕರುಣೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಕೊಯ್ಯುವುದು ನಿಂತಾಗ ನೋಡುವುದೂ ನಿಂತುಹೋಗುವ ಅಪಾಯವಿದೆ. ಪಠ್ಯಪುಸ್ತಕದ ಚಿತ್ರವನ್ನು ನಕಲು ಮಾಡಿದ ವಿದ್ಯಾರ್ಥಿಗೆ ಅಂಗಗಳ ಹೆಸರು ಬರುತ್ತದೆ, ಅಂಗಗಳ ಸಂಬಂಧ ಬರುವುದಿಲ್ಲ. ಪಾರದರ್ಶಕವಾದ, ಚರ್ಮ ಕಳಚುವ, ಸಣ್ಣ ಗಾಜಿನ ತೊಟ್ಟಿಯಲ್ಲಿ ಕೊಳೆತ ಎಲೆ ತಿಂದು ಬೆಳೆಯುವ ಆಂಫಿಪಾಡಿನಂಥ ಪ್ರಾಣಿ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಹೃದಯದ ಬಡಿತ ಎಣಿಸಿ, ಕಿವಿರಿನ ಮೇಲೆ ನೀರು ಹರಿಯುವುದನ್ನು ನೋಡಿ, ಕಳಚಿದ ಪೊರೆಯಿಂದ 19 ಜೋಡಿಗಳನ್ನು ಬಿಡಿಸಿ ಚಿತ್ರ ಬರೆದ ವಿದ್ಯಾರ್ಥಿ ಒಂದು ಜೀವವನ್ನೂ ನೋಯಿಸದೆ ದೇಹರಚನಾಶಾಸ್ತ್ರವನ್ನು ಕಲಿತಿರುತ್ತಾನೆ.

ಎರಡನೆಯ ಕೆಲಸ ನಮ್ಮ ನಾಡಿನ ಜಾತಿಗಳನ್ನು ತಿಳಿಯುವುದು. ಭಾರತದ ಆಂಫಿಪಾಡುಗಳ ಅಧ್ಯಯನಕ್ಕೆ ಒಳ್ಳೆಯ ಅಡಿಪಾಯವಿದೆ. ನ್ಯೂಜಿಲೆಂಡಿನ ಚಾರ್ಲ್ಸ್ ಚಿಲ್ಟನ್ 1921ರಲ್ಲಿ ಒಡಿಶಾದ ಚಿಲಿಕಾ ಸರೋವರದ ಜಾತಿಗಳನ್ನು ವಿವರಿಸಿದರು, ಕೆ. ಎನ್. ನಾಯರ್ 1959ರಲ್ಲಿ ಮದ್ರಾಸ್ ತೀರದ ಜಾತಿಗಳ ಮೇಲೆ ವಿಸ್ತಾರವಾದ ಕೃತಿ ಪ್ರಕಟಿಸಿದರು. ಕರ್ನಾಟಕದಲ್ಲಿ ಕಾರವಾರದ ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗವೂ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜೂ ತೀರದ ಜೀವಿಗಳ ಅಧ್ಯಯನದಲ್ಲಿ ತೊಡಗಿವೆ. ಆಂಫಿಪಾಡುಗಳು ಮೀನುಗಳ ಮುಖ್ಯ ಆಹಾರಗಳಲ್ಲಿ ಒಂದಾದ್ದರಿಂದ ಈ ಕೆಲಸಕ್ಕೆ ಮೀನುಗಾರರ ಬದುಕಿನೊಂದಿಗೂ ಸಂಬಂಧವಿದೆ. ಘಟ್ಟದ ನೆಲದ ಜಾತಿಗಳೋ ಎಲೆಗಸವನ್ನು ಅರೆದು ಮಣ್ಣಿಗೆ ಮರಳಿಸುವ ಕೆಲಸ ಮಾಡುತ್ತವೆ. ಕೊಡಗು, ಹಾಸನ, ಚಿಕ್ಕಮಗಳೂರುಗಳ ಕಾಡಿನಲ್ಲಿ, ಕಾಫಿ ತೋಟದಲ್ಲಿ ಯಾವ ಯಾವ ಜಾತಿಗಳಿವೆ, ಅವುಗಳಲ್ಲಿ ನಮ್ಮವು ಯಾವುವು, ಗಿಡದ ಕುಂಡದೊಂದಿಗೆ ಬಂದವು ಯಾವುವು ಎಂಬುದನ್ನು ಅಲ್ಲಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಪಟ್ಟಿ ಮಾಡಬಹುದು. ಇದಕ್ಕೆ ಬೇಕಾದದ್ದು ಮದ್ಯಸಾರದ ಸೀಸೆ, ಒಂದು ಸಾಧಾರಣ ಸೂಕ್ಷ್ಮದರ್ಶಕ, ಊರು ಮತ್ತು ದಿನಾಂಕ ಬರೆದ ಚೀಟಿ.

ಮೂರನೆಯ ಕೆಲಸ ಕನ್ನಡದ್ದು. ಸಸ್ಯಗಳ ಅಂಗರಚನೆಯಲ್ಲಿ ಪರಿಣತರಾಗಿದ್ದ ಬಿ.ಜಿ.ಎಲ್. ಸ್ವಾಮಿ ಅವರು ‘ಹಸುರು ಹೊನ್ನು’ ಬರೆದು 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ನಮಗೆ ದೊಡ್ಡ ಆದರ್ಶ. ಇದೇ ಊರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು ಹೊರತಂದು, ಎಲ್ಲ ವಿಜ್ಞಾನಗಳನ್ನೂ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟಿತು. ಆ ಪರಂಪರೆಯನ್ನು ಮುಂದುವರಿಸುವ ಹೊಣೆ ನಮ್ಮದು. ಕರ್ನಾಟಕದ ಆಂಫಿಪಾಡುಗಳನ್ನು ಗುರುತಿಸಲು ನೆರವಾಗುವ ಸಚಿತ್ರ ಕೈಪಿಡಿಯೊಂದು ಕನ್ನಡದಲ್ಲಿ ಬರಬೇಕು. ಕಾರ್ಕಳದ ಅಥವಾ ಸೋಮವಾರಪೇಟೆಯ ಹೈಸ್ಕೂಲು ಮೇಷ್ಟ್ರು ಅದನ್ನು ಹಿಡಿದು ಮಕ್ಕಳನ್ನು ಕಾಡಿಗೆ, ಕಡಲಿಗೆ ಕರೆದೊಯ್ಯುವಂತಾಗಬೇಕು. ಅದಕ್ಕೆ ಬೇಕಾದ ಚಿತ್ರಗಳನ್ನು ಬರೆಯಲು, ಕರಡನ್ನು ತಿದ್ದಲು ಮುಂದೆ ಬರುವ ವಿದ್ಯಾರ್ಥಿಗಳೊಂದಿಗೆ ಕೂತು ಕೆಲಸ ಮಾಡಲು ನಾನು ಸಿದ್ಧನಿದ್ದೇನೆ. ಅಧ್ಯಾಪಕ ಮಿತ್ರರೂ ಕೈಜೋಡಿಸಬೇಕೆಂದು ಈ ಸಭೆಯಲ್ಲಿ ಕೇಳಿಕೊಳ್ಳುತ್ತೇನೆ.